ಮರಕ್ಕೆ ಮೆರುಗು: ರಜಾದಿನದ ಬಡಗಿಗಳಿಗೆ ಒಂದಿಷ್ಟು ಪಾಠ

ಕೊಲ್ಲಿ ನಾಡಿನ ಕನ್ನಡಿಗರಲ್ಲಿ ಮರಗೆಲಸದ ಹವ್ಯಾಸ ಇರುವವರು ಮೇಲ್ನೋಟಕ್ಕೆ ಕಾಣುವುದಕ್ಕಿಂತ ಹೆಚ್ಚು ಮಂದಿ. ವಾರವಿಡೀ ಲೆಕ್ಕ ಬರೆಯುವವರು, ಎ.ಸಿ. ರಿಪೇರಿಯವರು, ಗೋದಾಮಿನಲ್ಲಿ ಸಾಮಾನು ಎಣಿಸುವವರು, ಡ್ರೈವರುಗಳು ರಜೆಯ ದಿನ ಗರಗಸ, ಉಳಿ ಹಿಡಿದು ಕೂತರೆ ಊಟದ ಹೊತ್ತು ಮರೆಯುತ್ತಾರೆ. ಶಾರ್ಜಾದಲ್ಲಿ ನಾವು ಏಳೆಂಟು ಜನ ಹೀಗೆ ಸೇರುವುದು ರೂಢಿ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಊರಿನವರೊಬ್ಬರ ಜಾಯ್ನರಿ ಇದೆ. ಭಾನುವಾರ ಅದರ ಹಿಂದಿನ ಶೆಡ್ಡನ್ನು ನಮಗೆ ಬಿಟ್ಟುಕೊಡುತ್ತಾರೆ. ಚಪ್ಪಲಿ ಸ್ಟ್ಯಾಂಡ್, ಮಕ್ಕಳ ಸ್ಟೂಲು, ಕುರ್‌ಆನ್ ಇಡುವ ರೆಹಾಲ್, ದೇವರ ಮಂಟಪ, ಯಾರದೋ ತಂಗಿಯ ಮದುವೆಗೆ ಹಸೆಮಣೆ, ಎಲ್ಲವೂ ಆ ಶೆಡ್ಡಿನಿಂದ ಹೊರಬಿದ್ದಿವೆ.

ಅಳೆದು, ಕೊಯ್ದು, ಕೂಡಿಸುವುದನ್ನು ಆಸಕ್ತಿ ಇದ್ದವರು ಆರು ತಿಂಗಳಲ್ಲಿ ಒಂದು ಹದಕ್ಕೆ ಕಲಿಯುತ್ತಾರೆ. ತೊಡಕು ಶುರುವಾಗುವುದು ಆಮೇಲೆ. ಸ್ಟೂಲು ನಿಂತಿತು, ಕುಳಿತರೆ ಅಲುಗಾಡುವುದಿಲ್ಲ, ಇನ್ನೇನು ಎಂದು ಸಂಜೆ ಒಂದು ಡಬ್ಬಿ ವಾರ್ನಿಶ್ ತಂದು ಬಳಿದುಬಿಡುತ್ತಾರೆ. ಮರುದಿನ ನೋಡಿದರೆ ಮೇಲೆಲ್ಲ ಧೂಳಿನ ಕಾಳು, ಅಂಚಿನಲ್ಲಿ ಇಳಿದು ಗಟ್ಟಿಯಾದ ಹನಿ, ನಡುವೆ ಅಂಟಿನ ಬಿಳಿ ಕಲೆ. ನಾಲ್ಕು ವಾರದ ಕೆಲಸ ಅರ್ಧ ಗಂಟೆಯಲ್ಲಿ ಅಗ್ಗದ ಸಾಮಾನಿನಂತೆ ಕಾಣುತ್ತದೆ.

ನಮಗೆ ಇದನ್ನೆಲ್ಲ ಹೇಳಿಕೊಟ್ಟವರು ಕಾರ್ಕಳ ಕಡೆಯ ಒಬ್ಬರು ಆಚಾರ್ರು. ಹೆಸರು ಹಾಕಬಾರದೆಂದು ಅವರ ಅಪ್ಪಣೆ. ಇಪ್ಪತ್ತೆಂಟು ವರ್ಷ ಇಲ್ಲಿನ ಬೇರೆ ಬೇರೆ ಜಾಯ್ನರಿಗಳಲ್ಲಿ ದುಡಿದು, ಈ ವರ್ಷ ವೀಸಾ ಮುಗಿಸಿ ಊರಿಗೆ ಹೊರಟಿದ್ದಾರೆ. ಮೊದಲ ಹತ್ತು ವರ್ಷ ಅವರು ಮಾಡಿದ್ದು ಸ್ಪ್ರೇ ಪಾಲಿಶ್. ಬಾಯಿಗೆ ಸುತ್ತಿಕೊಳ್ಳಲು ಒಂದು ಕರವಸ್ತ್ರ ಬಿಟ್ಟರೆ ಬೇರೇನೂ ಇರಲಿಲ್ಲವಂತೆ. ಎರಡು ಡಬ್ಬಿ ಬೆರೆಸಿ ಹೊಡೆಯುವ ಪಿ.ಯು. ಪಾಲಿಶಿನ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಉಬ್ಬಸ ತರಬಲ್ಲದು. ಒಮ್ಮೆ ದೇಹ ಅದಕ್ಕೆ ಒಗ್ಗದಂತಾದರೆ ಆಮೇಲೆ ತುಸು ಸೋಕಿದರೂ ಎದೆ ಹಿಡಿಯುತ್ತದೆ. ಆಚಾರ್ರ ಕೆಮ್ಮು ನಮಗೆಲ್ಲ ಪರಿಚಯ. ಶೆಡ್ಡಿನಲ್ಲಿ ಯಾರಾದರೂ ಮಾಸ್ಕ್ ಇಲ್ಲದೆ ಉಜ್ಜಲು ಕೂತರೆ ಅವರು ಬೈಯುವುದಿಲ್ಲ, ಬಂದು ಕೈಯಿಂದ ಸ್ಯಾಂಡ್ ಪೇಪರ್ ತೆಗೆದುಕೊಂಡು ಹೋಗುತ್ತಾರೆ. ಅವರು ಹೋದ ಮೇಲೆ ಕೇಳಲು ಯಾರೂ ಇರುವುದಿಲ್ಲವಲ್ಲ, ಇರುವಾಗಲೇ ಬರೆದಿಡೋಣ ಎಂದು ಈ ಲೇಖನ.

ಉಜ್ಜುವುದೇ ಅರ್ಧ ಕೆಲಸ

ಪಾಲಿಶ್ ಚೆನ್ನಾಗಿ ಬರಲಿಲ್ಲ ಎಂಬ ದೂರಿನಲ್ಲಿ ಹತ್ತಕ್ಕೆ ಎಂಟು ಸಲ ತಪ್ಪು ಪಾಲಿಶಿನದ್ದಾಗಿರುವುದಿಲ್ಲ. ಅಡಿಯ ಮರ ಸಿದ್ಧವಾಗಿರುವುದಿಲ್ಲ. ಸ್ಯಾಂಡ್ ಪೇಪರಿನ ಹಿಂದೆ ನಂಬರ್ ಬರೆದಿರುತ್ತದೆ. ನಂಬರ್ ಹೆಚ್ಚಿದಷ್ಟೂ ನಯ. ನಾವು 80ರಿಂದ ಶುರು ಮಾಡಿ 120, 180, ಕೊನೆಗೆ 220ಕ್ಕೆ ನಿಲ್ಲಿಸುತ್ತೇವೆ. ನಡುವೆ ಒಂದನ್ನು ಹಾರಿಸಿದರೆ ಸಮಯ ಉಳಿಯಿತು ಎನಿಸುತ್ತದೆ. ಆದರೆ 80 ಎಳೆದ ಗೀರನ್ನು 220 ಅಳಿಸಲಾರದು. ಆ ಗೀರು ಬರಿಗಣ್ಣಿಗೆ ಕಾಣದೆ ಕೂತಿದ್ದು, ಬಣ್ಣ ಬಿದ್ದ ಕೂಡಲೇ ಕಪ್ಪಗೆ ಎದ್ದು ನಿಲ್ಲುತ್ತದೆ.

ಇದಕ್ಕೆ ಆಚಾರ್ರ ಬಳಿ ಎರಡು ಉಪಾಯ. ಒಂದು, ಪ್ರತಿ ನಂಬರ್ ಶುರು ಮಾಡುವ ಮೊದಲು ಹಲಗೆಯ ಮೇಲೆ ಪೆನ್ಸಿಲಿನಿಂದ ಅಡ್ಡಾದಿಡ್ಡಿ ತೆಳ್ಳಗೆ ಗೀಚುವುದು. ಗೀಚಿದ್ದೆಲ್ಲ ಮಾಯವಾಗುವವರೆಗೆ ಉಜ್ಜಿದರೆ ಎಲ್ಲ ಕಡೆ ಸಮನಾಗಿ ಉಜ್ಜಿದಂತೆ. ಇನ್ನೊಂದು, ಮೊಬೈಲಿನ ಟಾರ್ಚನ್ನು ಹಲಗೆಯ ಮಟ್ಟಕ್ಕೇ ತಂದು ಪಕ್ಕದಿಂದ ಬೆಳಕು ಬಿಡುವುದು. ಮೇಲಿನ ಟ್ಯೂಬ್‌ಲೈಟಿಗೆ ಕಾಣದ ಗೀರು, ತಗ್ಗು ಎಲ್ಲವೂ ಈ ಅಡ್ಡ ಬೆಳಕಿಗೆ ನೆರಳು ಚೆಲ್ಲಿ ಸಿಕ್ಕಿಬೀಳುತ್ತವೆ. ಕೊನೆಕೊನೆಗೆ ಮರದ ಎಳೆಯ ಉದ್ದಕ್ಕೇ ಉಜ್ಜಬೇಕು, ಅಡ್ಡಡ್ಡ ಉಜ್ಜಬಾರದು.

220 ಆದ ಮೇಲೆ ಒದ್ದೆ ಬಟ್ಟೆಯಿಂದ ಹಲಗೆಯನ್ನು ಒಮ್ಮೆ ಒರೆಸುತ್ತೇವೆ. ಹೊಸಬರಿಗೆ ಇದು ವಿಚಿತ್ರ ಎನಿಸುತ್ತದೆ, ಅಷ್ಟು ನಯ ಮಾಡಿ ನೀರು ಯಾಕೆ ಎಂದು ಕೇಳುತ್ತಾರೆ. ನೀರು ತಾಗಿದಾಗ ಅದುಮಿಕೊಂಡಿದ್ದ ನಾರು ಎದ್ದು ನಿಲ್ಲುತ್ತದೆ, ಕೈಗೆ ಗಡ್ಡದ ಹಾಗೆ ತಾಗುತ್ತದೆ. ಒಣಗಿದ ಮೇಲೆ 220ರಿಂದಲೇ ಹಗುರಾಗಿ ಎರಡು ಸಲ ಎಳೆದರೆ ಆ ನಾರು ಹೋಗುತ್ತದೆ. ಮುಂದೆ ಪಾಲಿಶ್ ತಾಗಿದಾಗ ಮತ್ತೆ ಅಷ್ಟಾಗಿ ಏಳುವುದಿಲ್ಲ. ನೀರು ಒರೆಸುವುದರಿಂದ ಇನ್ನೊಂದು ಲಾಭವೂ ಇದೆ. ಅಂಟು ಮೆತ್ತಿದ ಜಾಗ ನೀರು ಕುಡಿಯದೆ ಬಿಳಿಚಿಕೊಂಡು ಕಾಣುತ್ತದೆ, ಆಗಲೇ ಕೆರೆದು ತೆಗೆಯಬಹುದು.

ಹಲಗೆಯ ತುದಿ, ಅಂದರೆ ಅಡ್ಡ ಕೊಯ್ದ ಕಡೆ, ಬೇರೆ ಲೆಕ್ಕ. ಅಲ್ಲಿ ಮರದ ಕೊಳವೆಗಳೆಲ್ಲ ಬಾಯಿ ತೆರೆದುಕೊಂಡಿರುತ್ತವೆ. “ಅದಕ್ಕೆ ಬಾಯಾರಿಕೆ ಜಾಸ್ತಿ ಮಾರಾಯ್ರೇ, ಕೊಟ್ಟಷ್ಟೂ ಕುಡಿಯುತ್ತದೆ” ಎನ್ನುತ್ತಾರೆ ಆಚಾರ್ರು. ಹಾಗಾಗಿ ತುದಿಯನ್ನು 320ರವರೆಗೆ ಉಜ್ಜುತ್ತೇವೆ, ಆಗ ಬಣ್ಣ ಹೀರುವುದು ಸ್ವಲ್ಪ ಕಡಿಮೆಯಾಗಿ ಮೇಲ್ಮೈಗೆ ಹೊಂದುತ್ತದೆ.

ಯಾವ ಮರ ಸಿಗುತ್ತದೆ?

ನಮ್ಮಲ್ಲಿ ಹೆಚ್ಚಿನವರ ಮರ ಪ್ಯಾಲೆಟ್ಟಿನದ್ದು. ಗೋದಾಮಿನವರನ್ನು ಕೇಳಿದರೆ ಮುರಿದ ಪ್ಯಾಲೆಟ್ ಕೊಡುತ್ತಾರೆ, ಬಹುಪಾಲು ಪೈನ್. ತರುವ ಮೊದಲು ಮುದ್ರೆ ನೋಡಬೇಕು. ಗೋಧಿ ತೆನೆಯ ಚಿತ್ರದ ಪಕ್ಕದಲ್ಲಿ ‘ಎಚ್.ಟಿ.’ ಎಂದಿದ್ದರೆ ಕ್ರಿಮಿ ಸಾಯಲು ಬಿಸಿ ಮಾಡಿದ್ದು, ಬಳಸಬಹುದು. ‘ಎಂ.ಬಿ.’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು, ಅದನ್ನು ಬಿಟ್ಟುಬಿಡಿ. ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆ ಇದ್ದರೆ ಯಾವ ಮುದ್ರೆಯಿದ್ದರೂ ಬೇಡ.

ಪೈನಿಗೆ ನೇರವಾಗಿ ಬಣ್ಣ ಹಚ್ಚಿದರೆ ತೊನ್ನಿನಂತೆ ಮಚ್ಚೆ ಮಚ್ಚೆಯಾಗುತ್ತದೆ, ಏಕೆಂದರೆ ಮೆತ್ತನೆಯ ಭಾಗ ಹೆಚ್ಚು ಹೀರುತ್ತದೆ, ಗಟ್ಟಿ ಭಾಗ ಹೀರುವುದಿಲ್ಲ. ಮೊದಲು ನೀರಿನಂತೆ ತೆಳುವಾದ ಅರಗಿನ ದ್ರಾವಣ ಒಂದು ಕೈ ಕೊಟ್ಟು, ಒಣಗಿಸಿ, ಹಗುರಾಗಿ ಉಜ್ಜಿ, ಆಮೇಲೆ ಬಣ್ಣ ಕೊಟ್ಟರೆ ಇದು ಬಹಳ ಮಟ್ಟಿಗೆ ತಪ್ಪುತ್ತದೆ.

ಸಾಗುವಾನಿಯ ತೊಂದರೆ ಬೇರೆ. ಅದರೊಳಗೆ ಸ್ವಂತ ಎಣ್ಣೆ ಇದೆ. ವಾರ್ನಿಶ್ ಹಚ್ಚಿದರೆ ದಿನಗಟ್ಟಲೆ ಅಂಟಂಟಾಗಿಯೇ ಉಳಿಯಬಹುದು. ಹಚ್ಚುವ ಮುಂಚೆ ಅಸಿಟೋನ್ ಒದ್ದೆ ಮಾಡಿದ ಬಟ್ಟೆಯಲ್ಲಿ ಒರೆಸಿ, ಅದು ಆರಿದ ಕೂಡಲೇ ಕೆಲಸ ಮುಗಿಸಬೇಕು. ತಡ ಮಾಡಿದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಅದೇ ಎಣ್ಣೆಯ ದೆಸೆಯಿಂದ ಸಾಗುವಾನಿ ನೀರಿಗೆ ಜಗ್ಗದ ಮರ. ಮಲಬಾರ್ ಕರಾವಳಿಯ ಸಾಗುವಾನಿ ಹಿಂದಿನಿಂದಲೂ ಈ ಕಡಲು ದಾಟಿ ಬಂದು ಇಲ್ಲಿನ ಧೋ ಹಡಗುಗಳಾಗಿದೆ. ಹಡಗಿನ ಮೈಗೆ ಅವರು ಮೀನಿನ ಎಣ್ಣೆ ಬಳಿಯುತ್ತಿದ್ದರು. ಹಿತ್ತಾಳೆ ಮೊಳೆಯ ಸಾಲು ಹೊಡೆದ ಹಳೆಯ ಮಂದೂಸ್ ಪೆಟ್ಟಿಗೆಗಳನ್ನು ಇಲ್ಲಿನ ಮ್ಯೂಸಿಯಮ್ಮುಗಳಲ್ಲಿ ನೋಡಬಹುದು. ಅವುಗಳಲ್ಲಿ ಎಷ್ಟೋ ಭಾರತದ ಕಡೆಯಿಂದಲೇ ಬಂದವು. ದುಬೈ ಕ್ರೀಕಿನ ದಂಡೆಯಲ್ಲಿ ಸಂಜೆ ತಿರುಗಾಡಲು ಹೋದಾಗ ಹಡಗಿನ ಹಲಗೆಗಳನ್ನೊಮ್ಮೆ ಹತ್ತಿರದಿಂದ ನೋಡಿ.

ಎಣ್ಣೆಯ ಮಾತು ಬಂದದ್ದಕ್ಕೆ ಒಂದು ವಿಷಯ. ಕರಾವಳಿಯವರಾದ ನಾವು ಏನಕ್ಕೂ ತೆಂಗಿನೆಣ್ಣೆ ಎನ್ನುವವರು. ಮರಕ್ಕೆ ಅದು ಬೇಡ. ಹಚ್ಚಿದ ದಿನ ಮಿನುಗುತ್ತದೆ, ನಿಜ. ಆದರೆ ತೆಂಗಿನೆಣ್ಣೆ ಒಣಗಿ ಗಟ್ಟಿಯಾಗುವ ಜಾತಿಯದ್ದಲ್ಲ. ಮರದೊಳಗೆ ಹಾಗೆಯೇ ಉಳಿದು, ಧೂಳು ಹಿಡಿದು, ಕ್ರಮೇಣ ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಅದಕ್ಕೇ ಅದು ಪಾಲಿಶಿಗೆ ಬಂತು. ಹಸಿ ಅಗಸೆ ಎಣ್ಣೆಗೆ ವಾರಗಳು ಬೇಕು. ಅಂಗಡಿಯಲ್ಲಿ ‘ಬಾಯ್ಲ್ಡ್’ ಎಂದು ಸಿಗುವುದರಲ್ಲಿ ಬೇಗ ಒಣಗಲು ಲೋಹದ ಲವಣ ಬೆರೆಸಿರುತ್ತಾರೆ. ಅದಕ್ಕೆ ಒಂದೆರಡು ದಿನ ಸಾಕು. ಧಾರಾಳವಾಗಿ ಹಚ್ಚಿ, ಹದಿನೈದು ಇಪ್ಪತ್ತು ನಿಮಿಷ ಕುಡಿಯಲು ಬಿಟ್ಟು, ಮಿಕ್ಕದ್ದನ್ನು ಪೂರ್ತಿ ಒರೆಸಿ ತೆಗೆಯಬೇಕು. ಒರೆಸದೆ ಬಿಟ್ಟರೆ ಅದು ಜಿಡ್ಡುಜಿಡ್ಡಾಗಿ ಕೂರುತ್ತದೆ.

ಆ ಒರೆಸಿದ ಬಟ್ಟೆ

ಈ ಲೇಖನದಲ್ಲಿ ಒಂದೇ ಪ್ಯಾರಾ ಓದುವವರಿದ್ದರೆ ಇದನ್ನು ಓದಿ. ಅಗಸೆ ಎಣ್ಣೆ, ಡ್ಯಾನಿಶ್ ಆಯಿಲ್, ಟಂಗ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಬೀಡಿ ಬೇಡ, ಬೆಂಕಿಕಡ್ಡಿ ಬೇಡ. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಹರವಿದ ಬಟ್ಟೆಯಲ್ಲಿ ಅದು ಗಾಳಿಗೆ ಹೋಗಿಬಿಡುತ್ತದೆ. ಮುದ್ದೆಯಲ್ಲಿ ಹೋಗಲು ದಾರಿಯಿಲ್ಲದೆ ಏರುತ್ತಾ ಹೋಗಿ, ಕೆಲವು ಗಂಟೆಗಳ ನಂತರ, ನೀವು ರೂಮಿಗೆ ಹೋಗಿ ಮಲಗಿದ ಮೇಲೆ, ಕಿಡಿಯಾಗುತ್ತದೆ. ಜುಲೈ ತಿಂಗಳ 45 ಡಿಗ್ರಿಯಲ್ಲಿ, ಮರದ ಹೊಟ್ಟು ಬಿದ್ದ ಶೆಡ್ಡಿನಲ್ಲಿ ಇದು ಎಷ್ಟು ದೊಡ್ಡ ಅಪಾಯ ಎಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಶೆಡ್ಡಿನಲ್ಲಿ ಮುಚ್ಚಳವಿರುವ ತಗಡಿನ ಡಬ್ಬಿಯೊಂದರಲ್ಲಿ ನೀರು ತುಂಬಿ ಇಟ್ಟಿದ್ದೇವೆ. ಬಟ್ಟೆ ನೇರ ಅದಕ್ಕೆ. ಡಬ್ಬಿ ಇಲ್ಲದಿದ್ದರೆ ಹೊರಗೆ ನೆಲದ ಮೇಲೆ ಒಂದೊಂದಾಗಿ ಹರವಿ, ಪೂರ್ತಿ ಗಟ್ಟಿಯಾದ ಮೇಲೆ ಎಸೆಯಬೇಕು. ಬಿಲ್ಡಿಂಗಿನ ಕಸದ ಕೊಳವೆಗೆ ಹಾಕುವಂತಿಲ್ಲ, ಬಾಲ್ಕನಿಯ ಬಕೆಟ್ಟಿನಲ್ಲಿ ಇಡುವಂತಿಲ್ಲ.

ಅರಗು

ಆಚಾರ್ರಿಗೆ ಎಲ್ಲಕ್ಕಿಂತ ಇಷ್ಟವಾದ ಪಾಲಿಶ್ ಅರಗಿನದು. ಅಂಗಡಿಯ ಭಾಷೆಯಲ್ಲಿ ಶೆಲ್ಲಾಕ್, ಹಳಬರ ಬಾಯಲ್ಲಿ ಫ್ರೆಂಚ್ ಪಾಲಿಶ್. ಹೆಸರು ಫ್ರೆಂಚ್ ಆದರೂ ಮಾಲು ನಮ್ಮದು. ಮರದ ಕೊಂಬೆಗಳ ಮೇಲೆ ಕೂರುವ ಸಣ್ಣ ಕೀಟ ಸುರಿಸುವ ಅಂಟು ಅದು, ಜಾರ್ಖಂಡಿನಲ್ಲಿ ಬಹಳ ಬೆಳೆಯುತ್ತಾರೆ.

ಚನ್ನಪಟ್ಟಣದ ಗೊಂಬೆಯ ಮಿನುಗೂ ಇದೇ ಅರಗಿನಿಂದ ಬರುವುದು, ಆದರೆ ಅಲ್ಲಿನ ವಿಧಾನ ಬೇರೆ. ಹಾಲೆ ಮರದ ತುಂಡು ತಿರುಗಣಿಯ ಮೇಲೆ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ಕೇದಗೆ ಜಾತಿಯ ಗಿಡದ ಒಣ ಗರಿಯನ್ನು ಒತ್ತಿ ಹೊಳಪು ತರುತ್ತಾರೆ. ಥಿನ್ನರ್ ಇಲ್ಲ, ಸ್ಪಿರಿಟ್ ಇಲ್ಲ, ಒಣಗಲು ಕಾಯುವುದೂ ಇಲ್ಲ. ಮಗು ಬಾಯಿಗೆ ಹಾಕಿಕೊಳ್ಳುವ ಸಾಮಾನಿಗೆ ಇದಕ್ಕಿಂತ ಒಳ್ಳೆಯ ಪಾಲಿಶ್ ನಮಗಂತೂ ಗೊತ್ತಿಲ್ಲ. ನಮ್ಮಲ್ಲಿ ತಿರುಗಣಿ ಇರುವವರು ಇಬ್ಬರೇ. ಮಿಕ್ಕವರು ಸ್ಪಿರಿಟ್ಟಿನಲ್ಲಿ ಕರಗಿಸಿ ಕೈಯಿಂದಲೇ ಹಚ್ಚಬೇಕು.

ಅರ್ಧ ಲೀಟರ್ ಸ್ಪಿರಿಟ್ಟಿಗೆ 60ರಿಂದ 100 ಗ್ರಾಂ ಅರಗಿನ ಚಕ್ಕೆ ಹಾಕಿ ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಸೋಸಬೇಕು. ಗಾಜಿನ ಬಾಟಲಿಯ ಮೇಲೆ ತಾರೀಕು ಬರೆಯಿರಿ. ಕಲಸಿದ್ದು ಹಳತಾದರೆ, ಸುಮಾರು ಆರು ತಿಂಗಳು ದಾಟಿದರೆ, ಸರಿಯಾಗಿ ಗಟ್ಟಿಯಾಗುವುದಿಲ್ಲ. ಚಕ್ಕೆಯನ್ನು ಊರಿನಿಂದ ಬರುವವರ ಕೈಯಲ್ಲಿ ತರಿಸಬಹುದು. ಸ್ಪಿರಿಟ್, ಥಿನ್ನರ್, ವಾರ್ನಿಶ್ ಮಾತ್ರ ಯಾರ ಲಗೇಜಿನಲ್ಲೂ ಬೇಡ; ಹೊತ್ತಿಕೊಳ್ಳುವ ದ್ರವಗಳನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಸ್ಪಿರಿಟ್ ಕೊಳ್ಳುವ ನಿಯಮ ಕೊಲ್ಲಿಯ ದೇಶದಿಂದ ದೇಶಕ್ಕೆ ಬೇರೆ, ಪರವಾನಗಿ ಇರುವ ಪೇಂಟಿನ ಅಂಗಡಿಯಲ್ಲೇ ಕೇಳಿ. ಮೆಥನಾಲ್ ಬೆರೆತದ್ದಾದರೆ ಅದು ವಿಷ, ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ, ಕೈಗವಸು ಹಾಕಿಕೊಳ್ಳಿ. ಇದೆಲ್ಲ ರಗಳೆ ಎನಿಸಿದವರು ಕಲಸಿಟ್ಟ ಡಬ್ಬಿಯನ್ನೇ ತರಬಹುದು.

ಹಚ್ಚಲು ಬ್ರಶ್ಶಿಗಿಂತ ಗಂಟು ಒಳ್ಳೆಯದು. ಹತ್ತಿಯ ಉಂಡೆಯನ್ನು ಹಳೆಯ ಮಲ್ಲಿನ ಬಟ್ಟೆಯಲ್ಲಿ ಸುತ್ತಿ, ಅರಗು ಹೀರಿಸಿ, ಹಿಂಡಿ, ಮರದ ಮೇಲೆ ವಿಮಾನ ಇಳಿದು ಏರುವ ಹಾಗೆ ಒಂದು ತುದಿಯಿಂದ ತಾಗಿಸಿ ಇನ್ನೊಂದು ತುದಿಯಲ್ಲಿ ಎತ್ತಬೇಕು. ನಡುವೆ ಕೈ ನಿಂತರೆ ಗಂಟು ಅಂಟಿಕೊಂಡು ಗುರುತು ಬೀಳುತ್ತದೆ. ಅರಗಿನ ದೊಡ್ಡ ಗುಣವೆಂದರೆ ಹೊಸ ಪದರ ಹಳೆಯದನ್ನು ತುಸು ಕರಗಿಸಿ ಅದರೊಳಗೆ ಸೇರಿಕೊಳ್ಳುತ್ತದೆ. ಹಾಗಾಗಿ ಎಂಟು ಹತ್ತು ವರ್ಷದ ನಂತರ ಗೀರು ಬಿದ್ದರೂ ಪೂರ್ತಿ ಕೆರೆಯದೆ ಸರಿಪಡಿಸಬಹುದು. ಪಿ.ಯು.ನಲ್ಲಿ ಈ ಸೌಕರ್ಯ ಇಲ್ಲ.

ಅರಗು ಎಲ್ಲಿಗೆ ಆಗದು ಎಂಬುದೂ ಗೊತ್ತಿರಲಿ. ಬಿಸಿ ಕರಕ್ ಚಾಯದ ಲೋಟ ಇಟ್ಟರೆ ಬಿಳಿ ಬಳೆ ಮೂಡುತ್ತದೆ. ಸೆಂಟು, ಸ್ಯಾನಿಟೈಸರ್ ಚೆಲ್ಲಿದರೆ ಅದರ ಆಲ್ಕೋಹಾಲಿಗೆ ಪಾಲಿಶ್ ಕರಗುತ್ತದೆ. ಕನ್ನಡಿ ಮೇಜಿಗೆ, ಊಟದ ಮೇಜಿಗೆ ವಾರ್ನಿಶ್ಶೇ ಸರಿ. ಮಂಟಪಕ್ಕೆ, ರೆಹಾಲಿಗೆ, ಆಭರಣದ ಪೆಟ್ಟಿಗೆಗೆ, ಶಿಲುಬೆಗೆ ಅರಗು.

ಇಲ್ಲಿನ ಹವೆ

ಬೇರೆ ದೇಶದವರು ಮಾಡಿದ ವಿಡಿಯೋ ನೋಡಿ ಕಲಿಯುವವರಿಗೆ ಇಲ್ಲಿನ ಹವೆ ಆಟ ಆಡಿಸುತ್ತದೆ. ಬೇಸಿಗೆಯ ಮಧ್ಯಾಹ್ನ ಸ್ಪಿರಿಟ್ ಬ್ರಶ್ಶಿನಲ್ಲೇ ಆರಿಹೋಗುತ್ತದೆ. ತಂಪಿರಲಿ ಎಂದು ಬೆಳಗಿನ ಜಾವಕ್ಕೆ ಇಟ್ಟುಕೊಂಡರೆ ಆಗ ಸಮುದ್ರದ ತೇವ. ಅರಗಿನ ಮೇಲೆ ಮಂಜಿನಂತೆ ಬಿಳಿ ಪೊರೆ ಕಟ್ಟುತ್ತದೆ. ಆಗಸ್ಟಿನಲ್ಲಿ ಮಾಲ್‌ನಿಂದ ಹೊರಗೆ ಕಾಲಿಟ್ಟ ಕೂಡಲೇ ಕನ್ನಡಕ ಮಸುಕಾಗುತ್ತದಲ್ಲ, ಎ.ಸಿ. ರೂಮಿನಲ್ಲಿದ್ದ ತಣ್ಣನೆಯ ಹಲಗೆಯನ್ನು ಹೊರಗೆ ತಂದರೆ ಅದರ ಮೇಲೂ ಅಂಥದ್ದೇ ನೀರಿನ ಪಸೆ ಕೂರುತ್ತದೆ. ತಂದ ಹಲಗೆ ಹೊರಗಿನ ಬಿಸಿಗೆ ಬರುವವರೆಗೆ ಮುಟ್ಟಬಾರದು. ನಾವು ಒಂದು ಸಣ್ಣ ಹವಾಮಾಪಕ ಗೋಡೆಗೆ ತಗುಲಿಸಿದ್ದೇವೆ. ತೇವಾಂಶ 70 ದಾಟಿದರೆ ಆ ದಿನ ಅರಗಿನ ಬಾಟಲಿ ತೆರೆಯುವುದಿಲ್ಲ. ನವೆಂಬರಿನಿಂದ ಮಾರ್ಚಿನವರೆಗೆ, ಬಿಸಿಲೇರಿ ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಯ ನಂತರದ ಹೊತ್ತು ಪಾಲಿಶಿಗೆ ಒಳ್ಳೆಯದು. ಬೇಸಿಗೆ ಏನಿದ್ದರೂ ಕೊಯ್ಯಲು, ಕೂಡಿಸಲು.

ಬೆಡ್ ಸ್ಪೇಸಿನಲ್ಲಿ ಇರುವವರು ಕೇಳುತ್ತಾರೆ, ರೂಮಿನಲ್ಲೇ ಸ್ವಲ್ಪ ಹಚ್ಚಿಕೊಳ್ಳಬಹುದೇ ಎಂದು. ಥಿನ್ನರ್, ಸ್ಪಿರಿಟ್, ಅಸಿಟೋನ್ ಇರುವ ಯಾವುದನ್ನೂ ಬೇಡ. ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿ ತರುವುದಿಲ್ಲ, ಒಳಗಿನದ್ದನ್ನೇ ಸುತ್ತಿಸುತ್ತದೆ. ಆರು ಮಂದಿ ಮಲಗುವ ಕೋಣೆಯಲ್ಲಿ ಆ ಆವಿ ರಾತ್ರಿಯಿಡೀ ನಿಲ್ಲುತ್ತದೆ. ಥಿನ್ನರಿನ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಿದು ಅಡುಗೆ ಕೋಣೆಯ ಒಲೆಯವರೆಗೂ ಹೋಗುತ್ತದೆ. ಬೇರೆ ಜಾಗವೇ ಇಲ್ಲದವರಿಗೆ ಜೇನುಮೇಣವಿದೆ, ಕಿಟಕಿ ತೆರೆದು ಹಚ್ಚುವ ವಾಟರ್ ಬೇಸ್ ವಾರ್ನಿಶ್ ಇದೆ. ಮೇಣ ಹೆಚ್ಚು ಬಾಳುವುದಿಲ್ಲ, ಆದರೆ ಚಿತ್ರದ ಚೌಕಟ್ಟಿಗೆ, ಪೆಟ್ಟಿಗೆಗೆ ಸಾಕು.

ಕಲಿಯುವ ಬಗೆ

ಆಚಾರ್ರು ಯಾರಿಗೂ ಮೊದಲ ಸಲ ನೇರವಾಗಿ ಸಾಮಾನಿನ ಮೇಲೆ ಪಾಲಿಶ್ ಹಚ್ಚಲು ಬಿಟ್ಟವರಲ್ಲ. ಅದೇ ಮರದ ಅಂಗೈಯಗಲದ ತುಂಡೊಂದನ್ನು ಅದೇ ನಂಬರ್‌ಗಳಲ್ಲಿ ಉಜ್ಜಿ, ಅದೇ ಬಣ್ಣ, ಅದೇ ಪಾಲಿಶ್ ಪೂರ್ತಿ ಮಾಡಿ ತೋರಿಸಬೇಕು. ಹಿಂಬದಿಯಲ್ಲಿ ಏನೇನು ಹಾಕಿದ್ದು, ಎಷ್ಟು ಕೈ, ಯಾವ ತಾರೀಕು ಎಂದು ಬರೆಯಬೇಕು. ಅರ್ಧಂಬರ್ಧ ಉಜ್ಜಿದ ತುಂಡಿನ ಮೇಲಿನ ಬಣ್ಣ ನಂಬಲು ಬರುವುದಿಲ್ಲ. ಹೀಗೆ ಮಾಡಿದ ತುಂಡುಗಳಿಗೆ ತೂತು ಕೊರೆದು ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ್ದೇವೆ, ಈಗ ಅರುವತ್ತು ದಾಟಿವೆ. ಹೊಸಬರು ಬಂದರೆ ಪುಸ್ತಕಕ್ಕಿಂತ ಮೊದಲು ಆ ಗೋಡೆ ತೋರಿಸುತ್ತೇವೆ. ಬೇರೆ ಊರಿನ ಸಂಘದವರೂ ಹೀಗೊಂದು ಗೋಡೆ ಮಾಡಿಕೊಂಡರೆ ಒಳ್ಳೆಯದು; ಖರ್ಚು ಏನೂ ಇಲ್ಲ.

ಊರಿಗೆ ಕಳುಹಿಸುವಾಗ

ಇಲ್ಲಿ ಮಾಡಿದ್ದರಲ್ಲಿ ಅರ್ಧದಷ್ಟು ಕಾರ್ಗೋದಲ್ಲಿ ಊರಿಗೆ ಹೋಗುವಂಥದ್ದು. ಎ.ಸಿ.ಯ ಒಣ ಗಾಳಿಯಲ್ಲಿ ಕುಗ್ಗಿ ಕೂತ ಮರ ಜುಲೈಯಲ್ಲಿ ಉಡುಪಿಯ ಮಳೆಗೆ ಇಳಿದರೆ ಅಗಲಕ್ಕೆ ಹಿಗ್ಗುತ್ತದೆ. ಬೆಣ್ಣೆಯಂತೆ ಜಾರುತ್ತಿದ್ದ ಡ್ರಾಯರ್ ಅಲ್ಲಿ ಬಿಗಿದುಕೊಳ್ಳುತ್ತದೆ. ಪಾಲಿಶ್ ಈ ಹಿಗ್ಗುವಿಕೆಯನ್ನು ನಿಧಾನ ಮಾಡುತ್ತದೆ, ನಿಲ್ಲಿಸಲಾರದು. ಡ್ರಾಯರಿನ ಸುತ್ತ ಸ್ವಲ್ಪ ಸಡಿಲ ಬಿಟ್ಟೇ ಮಾಡಬೇಕು. ಪಾಲಿಶನ್ನು ಹಲಗೆಯ ಎರಡೂ ಮುಖಕ್ಕೆ ಕೊಡಬೇಕು. ಕಾಣುವ ಕಡೆ ಮಾತ್ರ ಹಚ್ಚಿ ಅಡಿಯನ್ನು ಬರಿದೇ ಬಿಟ್ಟರೆ ಒಂದು ಕಡೆ ಬೇಗ ತೇವ ಹೀರಿ ಹಲಗೆ ಬಾಗುತ್ತದೆ.

ಪ್ಯಾಕ್ ಮಾಡಲು ಆತುರ ಬೇಡ. ಕೈಗೆ ಒಣಗಿದಂತೆ ತಾಗಿದರೂ ಎಣ್ಣೆ, ವಾರ್ನಿಶ್ ಒಳಗೆ ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ಅದಕ್ಕೆ ಮುಂಚೆ ಗುಳ್ಳೆ ಪ್ಲಾಸ್ಟಿಕ್ ಸುತ್ತಿ ಕಂಟೇನರಿನ ಬಿಸಿಗೆ ಕಳುಹಿಸಿದರೆ, ಅಮ್ಮ ಪೆಟ್ಟಿಗೆ ಬಿಚ್ಚುವಾಗ ಮಂಟಪದ ತುಂಬ ಗುಳ್ಳೆಯ ಅಚ್ಚು ಇರುತ್ತದೆ. ಮೊದಲು ಹಳೆಯ ಹತ್ತಿ ಲುಂಗಿ ಅಥವಾ ಬೆಡ್‌ಶೀಟ್ ಸುತ್ತಿ, ಅದರ ಮೇಲೆ ರಟ್ಟು, ಆಮೇಲೆ ಬೇಕಿದ್ದರೆ ಪ್ಲಾಸ್ಟಿಕ್. ಆಚಾರ್ರ ಸ್ವಂತ ಉಳಿ, ಕೀಸುಳಿಗಳನ್ನು ಇಡಲು ನಾವೆಲ್ಲ ಸೇರಿ ಸಾಗುವಾನಿಯ ಪೆಟ್ಟಿಗೆಯೊಂದನ್ನು ಮಾಡಿದ್ದೇವೆ, ಒಳಗೂ ಹೊರಗೂ ಅರಗು ಕೊಟ್ಟಿದ್ದೇವೆ. ಕೊನೆಯ ಕೈ ಬಿದ್ದು ಎರಡು ವಾರವಾಯಿತು. ದಿನಾ ಸಂಜೆ ಯಾರಾದರೂ ಒಬ್ಬರು ಹೋಗಿ ಮುಚ್ಚಳ ತೆರೆದಿಟ್ಟು ಬರುತ್ತೇವೆ. ಮುಂದಿನ ತಿಂಗಳ ಕಾರ್ಗೋಕ್ಕೆ ಕೊಡುವುದು.